ಕನಕರಾಜ್ ಮೇಷ್ಟ್ರು ವಾದ ಸೋತದ್ದು

ಭಾನುವಾರ ಬೆಳಿಗ್ಗೆ ಮುರುಗಪ್ಪನ ಹೋಟೆಲಿನಲ್ಲಿ ಗುರುರಾಜ್ "ಎಲ್ಲಾ ಮಾಯೆ!" ಎಂದು ಮೇಜು ಗುದ್ದದೇ ಇದ್ದಿದ್ದರೆ, ಕನಕರಾಜ್ ಮೇಷ್ಟ್ರು ಎರಡು ಇಡ್ಲಿ ತಿಂದು ತಮ್ಮ ಪಾಡಿಗೆ ಕೋಣೆ ಸೇರುತ್ತಿದ್ದರು.

ಹೊಸದುರ್ಗದ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮೇಷ್ಟ್ರಿಗೆ ನಲವತ್ತಾರು. ಮದುವೆಯಾಗಿರಲಿಲ್ಲ. ಏಕನಾಥಮ್ಮನ ಮಹಡಿ ಕೋಣೆಗೆ ಬಾಡಿಗೆಗೆ ಬಂದು ಮೂರು ವರ್ಷವಾದರೂ, ಶನಿವಾರ ಕಾಲೇಜು ಬಿಟ್ಟರೆ ಸೋಮವಾರದ ತನಕ ಅವರ ಬಾಯಿಂದ ಬರುವ ಮಾತು "ಇನ್ನೊಂಚೂರು ಚಟ್ನಿ" ಮಾತ್ರ. ಫೋನಿನಲ್ಲಿ "ನೀವು ಕರೆ ಮಾಡಿದ ಚಂದಾದಾರರು ಬಿಜಿಯಾಗಿದ್ದಾರೆ" ಎನ್ನುವ ಹೆಂಗಸಿಗೂ ಅವರು "ಪರವಾಗಿಲ್ಲಮ್ಮ" ಎನ್ನುತ್ತಿದ್ದರು.

ಗುರುರಾಜ್ ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು. ಮೊಬೈಲಿನಲ್ಲಿ ಪ್ರವಚನ ಕೇಳಿ ಕೇಳಿ ಊರಿಗೇ ವೇದಾಂತಿಯಾಗಿದ್ದರು.

"ಮೇಷ್ಟ್ರೇ, ನಿಮ್ ಕ್ವಾಂಟಮ್ಮೇ ಹೇಳ್ತೈತಂತಲ್ರಿ, ನೋಡೋನಿದ್ರೆ ಜಗತ್ತು, ಇಲ್ಲಾಂದ್ರೆ ಇಲ್ಲ ಅಂತ?"

ತಮ್ಮ ವಿಷಯವನ್ನು ಒಬ್ಬರು ತಾವಾಗಿಯೇ ಕೇಳಿದರಲ್ಲ! ಮೇಷ್ಟ್ರು ತಟ್ಟೆ ಎತ್ತಿಕೊಂಡು ಅವರ ಮೇಜಿಗೇ ಹೋದರು.

"ಹಂಗಲ್ಲ ಸಾರ್. ಅಳತೆ ಮಾಡೋ ಮುಂಚೆ ಎಲೆಕ್ಟ್ರಾನು ಇಂಥಾ ಕಡೆನೇ ಐತೆ ಅನ್ನಕ್ಕಾಗಲ್ಲ, ಅಷ್ಟೇ. ಅಳೆಯೋದು ಯಂತ್ರ. ಅದಕ್ಕೆ ಮನಸ್ಸೂ ಬೇಡ, ಆತ್ಮನೂ ಬೇಡ."

"ಆ ಯಂತ್ರನ ನೋಡೋರ್ಯಾರು?"

ಎಂಥ ಪ್ರಶ್ನೆ! ಮೇಷ್ಟ್ರಿಗೆ ಗುರುರಾಜರನ್ನು ತಬ್ಬಿಕೊಳ್ಳಬೇಕೆನಿಸಿತು. ಮೂರು ಕಾಫಿ ಮುಗಿದವು. ಅಕ್ಕಪಕ್ಕದವರು ಕುರ್ಚಿ ಎಳೆದುಕೊಂಡು ಸುತ್ತ ಕೂತರು. ಅಷ್ಟು ಜನರನ್ನು ಕಂಡ ಖುಷಿಯಲ್ಲಿ ಮೇಷ್ಟ್ರು ಹದ ತಪ್ಪಿದರು.

"ದುರ್ಗದ ಬಂಡೆಗಳು ಕೋಟ್ಯಂತರ ವರ್ಷದಿಂದ ಬಿಸಿಲಿಗೆ ಕಾಯ್ತಾ ಬಿದ್ದಾವೆ. ಅವನ್ನ ನೋಡ್ತಾ ನಿಂತಿರಕ್ಕೆ ಆಗ ನೀವಿದ್ರಾ ಸಾರ್?"

ಹೋಟೆಲಿಗೆ ಹೋಟೆಲೇ ನಕ್ಕಿತು. ಗುರುರಾಜರ ಮುಖ ಆರಿದ ದೋಸೆಯಂತಾಯಿತು. ಅರ್ಧ ಕಾಫಿ ಬಿಟ್ಟು ಎದ್ದು ಹೋದರು. ಎರಡು ನಿಮಿಷದಲ್ಲಿ ಮೇಜಿನ ಸುತ್ತ ಖಾಲಿ ಕುರ್ಚಿಗಳಷ್ಟೇ ಉಳಿದವು.

"ದಿನಾ ಬರೋ ಗಿರಾಕಿನ ಓಡ್ಸಿದ್ರಲ್ಲ ಸಾರ್," ಎಂದ ಮುರುಗಪ್ಪ.

ಮಧ್ಯಾಹ್ನದ ಹೊತ್ತಿಗೆ ಸುದ್ದಿಗೆ ಕೈಕಾಲು ಬಂದಿತ್ತು. ಏಕನಾಥಮ್ಮ ಮೆಟ್ಟಿಲಲ್ಲೇ ಅಡ್ಡಗಟ್ಟಿದರು. "ದೇವ್ರಿಲ್ಲ ಅಂದ್ರಂತೆ, ಗುರುರಾಜಣ್ಣನ ಎದೆ ಹಿಡ್ದು ತಳ್ಳಿದ್ರಂತೆ! ಹಿರೇರು ಕಣ್ರೀ ಅವ್ರು!"

"ತಳ್ಳಿಲ್ಲಮ್ಮ, ಎಲೆಕ್ಟ್ರಾನು..."

"ಅವ್ನ್ಯಾರೋ, ಅವ್ನಿಗೂ ಬುದ್ಧಿ ಹೇಳ್ರಿ!"

ಕೋಣೆಯಲ್ಲಿ ಕೂತು ಮೇಷ್ಟ್ರು ಗೋಡೆ ನೋಡಿದರು. ಗೆದ್ದು ಬಂದಿದ್ದರು, ಗೆದ್ದೆ ಎಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಬೆಳಗಿನ ಆ ಒಂದು ಗಂಟೆ ಮತ್ತೆ ಮತ್ತೆ ನೆನಪಾಯಿತು. ಕೊನೆಗೆ, ನೂರು ವರ್ಷದಿಂದ ದೊಡ್ಡ ದೊಡ್ಡ ವಿಜ್ಞಾನಿಗಳೇ ತೀರ್ಮಾನ ಮಾಡಲಾಗದ ವಾದವನ್ನು ನಾನು ಸೋತರೆ ಗಂಟೇನು ಹೋಗುತ್ತದೆ ಎಂದುಕೊಂಡು ಸಂಜೆ ಗುರುರಾಜರ ಮನೆ ಬಾಗಿಲು ಬಡಿದರು.

"ತಪ್ಪಾಯ್ತು ಸಾರ್. ನೀವಂದಿದ್ದೇ ಸರಿ. ನೋಡೋ ಮನಸ್ಸಿಲ್ದೆ ಜಗತ್ತಿಲ್ಲ. ಎಲ್ಲಾ ಮಾಯೆ."

ಗುರುರಾಜರ ಕಣ್ಣು ಒದ್ದೆಯಾಯಿತು. "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ!" ಕಾಫಿ ಬಂತು, ಕೋಡುಬಳೆ ಬಂತು. ಮಡಿಸಿಟ್ಟಿದ್ದ ಶಾಲೊಂದನ್ನು ಹೊದಿಸಿದರು. ಮೇಷ್ಟ್ರ ಎದೆ ತುಂಬಿತು.

"ಹಂಗಾದ್ರೆ ನಾಳೆ ಹೋಟ್ಲಲ್ಲಿ ಮಾತಾಡಾಣ ಸಾರ್?"

"ಮಾತಾ?" ಗುರುರಾಜ್ ತುಟಿಗೆ ಬೆರಳಿಟ್ಟರು. "ಅರಿವಾದೋರಿಗೆ ಮಾತ್ಯಾಕೆ? ಇದು ಒಳಗಿಳೀಬೇಕಂದ್ರೆ ನಲವತ್ತೆಂಟು ದಿನ ಮೌನ ಬೇಕು. ನಿಮ್ಮನ್ನ ಯಾರೂ ಮಾತಾಡಿಸ್ಬಾರ್ದು ಅಂತ ನಾನೇ ಊರಿಗೆಲ್ಲಾ ಫೋನ್ ಹಚ್ತೀನಿ. ನಡೀರಿ."

ಮೇಷ್ಟ್ರು ಮನೆ ಮುಟ್ಟುವಷ್ಟರಲ್ಲಿ ಫೋನು ಅವರಿಗಿಂತ ಮುಂಚೆ ಮುಟ್ಟಿತ್ತು. ಜಗಲಿಯಲ್ಲಿ ಹರಟುತ್ತಿದ್ದ ಹೆಂಗಸರು ದಡಬಡಿಸಿ ಎದ್ದರು. ಏಕನಾಥಮ್ಮ ತಲೆ ಮೇಲೆ ಸೆರಗೆಳೆದು, ಮೂರು ವರ್ಷದಲ್ಲಿ ಮೊದಲ ಸಲ ಕೈ ಮುಗಿದರು.

"ಅಮ್ಮಾ, ಒಂದ್ನಿಮಿಷ, ನಾನು..."

"ಶ್! ಒಳಗೆ ಬರ್ರೇ ಎಲ್ರೂ," ಎಂದು ಆಕೆ ಹೆಂಗಸರಿಗೆ ಪಿಸುಗುಟ್ಟಿ, ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡರು.