ದೋಣಿಗೆ ಹದಿನೇಳು ಷರತ್ತು

ನಮ್ಮ ಪಂಚಾಯಿತಿಗೆ ಸರ್ಕಾರದಿಂದ ಏನಾದರೂ ಬರುತ್ತದೆ ಅಂದರೆ ಮೊದಲು ಷರತ್ತು ಬರುತ್ತದೆ, ಆಮೇಲೆ ಸಾಮಾನು ಬರುತ್ತದೆ, ಅದರ ಹಿಂದೆಯೇ ನನ್ನ ತಲೆನೋವು. ನಾನು ಅಲ್ಲಿ ಗುಮಾಸ್ತ. ದಿನಾ ನಂಜನಗೂಡಿನಿಂದ ಬಸ್ಸು ಬದಲಿಸಿ, ಟಿ. ನರಸೀಪುರ ದಾಟಿ, ಕಾವೇರಿ ದಂಡೆಯ ಈ ಊರಿಗೆ ಬಂದು ಸಾಯುತ್ತೇನೆ. ಹೊಳೆಗೆ ಅಂಟಿಕೊಂಡು ಒಂದು ಕೆಳಗಿನ ಬೀದಿ ಇದೆ. ಅಣೆಕಟ್ಟೆಯಿಂದ ನೀರು ಬಿಟ್ಟರೆ ಮುಳುಗುವುದು ಅದೇ. ಆ ಜನರನ್ನು ಉಳಿಸಲು ವಿಪತ್ತು ಸಿದ್ಧತೆಯ ಅನುದಾನದಲ್ಲಿ ಒಂದು ದೋಣಿ ಮಂಜೂರಾಯಿತು, ಜೊತೆಗೆ ಹದಿನೇಳು ಷರತ್ತು. ಒಂದು ತಪ್ಪಿದರೂ ದೋಣಿ ವಾಪಸ್ಸು.

೧. ಬೋರ್ಡು

ಮೊದಲನೇ ಷರತ್ತು, ದೋಣಿಗಿಂತ ಮುಂಚೆ ಬೋರ್ಡು ನೆಡಬೇಕು. ಅದರ ಫೋಟೋ ಆಪಿಗೆ ಹಾಕಬೇಕು, ಮೇಲಿನವರು ಒಪ್ಪಿದರೆ ಮಾತ್ರ ದೋಣಿ. ‘ಈ ಗ್ರಾಮಕ್ಕೆ ರಕ್ಷಣಾ ದೋಣಿ ಒದಗಿಸಲಾಗಿದೆ’ ಅಂತ ಬರೆಸಿ ನೆಟ್ಟೆವು. ಅಕ್ಷರದ ಬಣ್ಣ ಸರಿಯಿಲ್ಲ ಅಂತ ಫೋಟೋ ವಾಪಸ್ಸು ಬಂತು. ಮತ್ತೆ ಬಳಿಸಿದೆವು. ಈ ಸಲ ಬೋರ್ಡಿನ ಮೇಲೆ ಅಧ್ಯಕ್ಷೆ ಅಮ್ಮನವರ ನೆರಳು ಬಿದ್ದಿದೆಯಂತೆ. ಇದೇ ರಗಳೆಯಲ್ಲಿ ಮಳೆಗಾಲ ಬಂದು, ಕೆಳಗಿನ ಬೀದಿಗೆ ಮೊಣಕಾಲುದ್ದ ನೀರು ನುಗ್ಗಿತು. ಮಗುವನ್ನು ಸೊಂಟದಲ್ಲಿ ಎತ್ತಿಕೊಂಡ ಒಬ್ಬ ಹೆಣ್ಣುಮಗಳು ಆ ಬೋರ್ಡಿನ ಕೆಳಗೆ ನಿಂತು ನನ್ನನ್ನು ಕೇಳಿದಳು, “ಇದು ತೇಲ್ತದಾ ಸಾ?”

ತೇಲುವುದಿಲ್ಲ. ಬೋರ್ಡು ಕಬ್ಬಿಣದ್ದೇ ಇರಬೇಕು ಅನ್ನುವುದು ಎರಡನೇ ಷರತ್ತು.

೨. ದೋಣಿಗೊಂದು ಮನೆ

ಅಂತೂ ದೋಣಿ ಬಂತು. ಅದನ್ನು ಸರ್ಕಾರಿ ಜಾಗದಲ್ಲಿ, ಷಟರು ಇರುವ ಕೋಣೆಯಲ್ಲಿ ಬೀಗ ಹಾಕಿ ಇಡಬೇಕು. ಸರ್ಕಾರಿ ಜಾಗ ಎಲ್ಲಿದೆ ನಮ್ಮೂರಲ್ಲಿ? ಚೆನ್ನಾಗಿರುವುದೆಲ್ಲ ಯಾರ್ಯಾರದೋ ಕೊಟ್ಟಿಗೆ, ತೆಂಗಿನ ತೋಟ ಆಗಿ ಎಷ್ಟೋ ವರ್ಷವಾಗಿದೆ. ಪಹಣಿಯಲ್ಲಿ ಸರ್ಕಾರದ ಹೆಸರಲ್ಲಿ ಉಳಿದಿದ್ದ ಖರಾಬು ಜಾಗ ಒಂದೇ, ಹೊಳೆ ಅಂಚಿನದು. ತೆಪ್ಪದಲ್ಲಿ ಮೀನು ಹಿಡಿಯುವ ತೆಪ್ಪದಣ್ಣ ನೋಡಿ, ಒಳೆ ಬಂದ್ರೆ ಮೊದ್ಲು ಮುಳ್ಗೋದು ಇದೇಯ ಕಣ್ರೀ ಅಂದ. ಅವನ ಮಾತನ್ನೇ ಶುದ್ಧ ಭಾಷೆಯಲ್ಲಿ ಬರೆದು ಮೇಲಕ್ಕೆ ಕಳಿಸಿದೆ.

ಅಲ್ಲೇ ಕೋಣೆ ಎದ್ದು, ದೋಣಿ ಒಳಗೆ ಸೇರಿ, ಬೀಗ ಬಿದ್ದು ಎರಡು ತಿಂಗಳಿಗೆ ಉತ್ತರ ಬಂತು: ‘ಪ್ರವಾಹದ ಮುನ್ಸೂಚನೆ ಇದ್ದಲ್ಲಿ ದೋಣಿಯನ್ನು ಸುರಕ್ಷಿತ ಸ್ಥಳಕ್ಕೆ ಸ್ಥಳಾಂತರಿಸತಕ್ಕದ್ದು.’

೩. ತರಬೇತಿ

ದೋಣಿ ನಡೆಸುವವರು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಹುಟ್ಟಿದಾಗಿನಿಂದ ಹೊಳೆಯಲ್ಲೇ ಇರುವ ತೆಪ್ಪದಣ್ಣ ಇಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ. ಹೀಗಾಗಿ ನಾನು ಮತ್ತು ಊರಿಗೆ ನಲ್ಲಿ ನೀರು ಬಿಡುವ ನಮ್ಮ ನೀರುಗಂಟಿ ಮೈಸೂರಿಗೆ ಮೂರು ದಿನದ ತರಬೇತಿಗೆ ಹೋದೆವು. ಅಲ್ಲಿ ನೀರು ನೋಡಿದ್ದು ಬಾಟಲಿಯಲ್ಲಿ ಮಾತ್ರ. ನಾನು ನುರಿತ ಈಜುಗಾರ ಅಂತ ಸರ್ಟಿಫಿಕೇಟು ಕೊಟ್ಟರು.

ಊರಲ್ಲಿ ಪ್ರಾತ್ಯಕ್ಷಿಕೆಯ ದಿನ ಫೋಟೋಗೆ ಅಂತ ದೋಣಿಯಲ್ಲಿ ಎದ್ದು ನಿಂತೆ, ದಬಕ್ಕನೆ ಹೊಳೆಗೆ ಬಿದ್ದೆ. ತೆಪ್ಪದಣ್ಣ ಬಂದು ಕುತ್ತಿಗೆಪಟ್ಟಿ ಹಿಡಿದು ಎಳೆದುಹಾಕಿದ. ಒದ್ದೆ ಬಟ್ಟೆಯಲ್ಲೇ ಕೂತು ಅವತ್ತಿನ ವರದಿಗೆ ಸಹಿ ಹಾಕಿದೆ: ತರಬೇತಿ ಇಲ್ಲದ ಯಾರೂ ರಕ್ಷಣಾ ಕಾರ್ಯದಲ್ಲಿ ಭಾಗವಹಿಸಿರುವುದಿಲ್ಲ.

೪. ಹೊಳೆ ಬಂತು

ಮೇಲಿನವರು ವಿಪತ್ತು ಅಂತ ಘೋಷಿಸದೆ ಷಟರು ತೆಗೆಯುವ ಹಾಗಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನೀರು ಏರತೊಡಗಿತು. ತಾಲ್ಲೂಕು ಕಚೇರಿಯ ಸಾಹೇಬರಿಗೆ ಫೋನು ಮಾಡಿದೆ. ಎಷ್ಟು ನೀರಿದೆ ಅಂದರು. ಸೊಂಟದ ತನಕ ಸಾರ್ ಅಂದೆ.

“ಯಾರ ಸೊಂಟ? ಮೀಟರಲ್ಲಿ ಹೇಳ್ರೀ.”

ನೀರುಗಂಟಿ ಟೇಪು ಹುಡುಕಿ ತರುವಷ್ಟರಲ್ಲಿ ಬೀಗವೇ ಮುಳುಗಿಹೋಗಿತ್ತು. ಹಾಳಾಗಿ ಹೋಗಲಿ, ಕೆಲಸ ಹೋದರೂ ಸರಿ ಅಂತ ಬೀಗದ ಕೈ ಹಿಡಿದು ಇಳಿದೆ. ನೀರು ಎದೆಮಟ್ಟ ಬರುತ್ತಲೇ ಹಿಂದಕ್ಕೆ ಬಂದೆ. ಕೆಳಗಿನ ಬೀದಿಯಲ್ಲಿ ಮಕ್ಕಳು ಕಿರುಚುವುದು ಕೇಳುತ್ತಿತ್ತು. ದಿಬ್ಬದ ಮೇಲೆ ನಿಂತು ಅತ್ತುಬಿಟ್ಟೆ, ನಾಚಿಕೆ ಬಿಟ್ಟು ಹೇಳುತ್ತೇನೆ.

ತೆಪ್ಪದಣ್ಣ ಯಾರನ್ನೂ ಕೇಳಲಿಲ್ಲ. ಮಧ್ಯಾಹ್ನದವರೆಗೂ ತೆಪ್ಪ ಹಾಕಿ ಇಡೀ ಬೀದಿಯನ್ನು ದಡಕ್ಕೆ ತಂದ. ಕೊನೆಗೆ ತಂದದ್ದು ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಸೂರಿನ ಮೇಲೆ ಕೂತಿದ್ದ ಒಬ್ಬ ಮುದುಕಮ್ಮನನ್ನು. ಆಮೇಲೆ ಇನ್ನೊಂದು ಸಲ ಹೋಗಿ, ಷಟರು ಮೀಟಿ, ದೋಣಿಯನ್ನೂ ತೆಪ್ಪದ ಹಿಂದೆ ಕಟ್ಟಿ ಎಳೆದುಕೊಂಡು ಬಂದ.

“ಪಾಪ, ಸರ್ಕಾರದ್ದು. ಅದಕ್ಕೆ ಯಾರವ್ರೆ?” ಅಂದ.

೫. ಪಟ್ಟಿ

ನೀರಿಳಿದ ಮೇಲೆ ಪರಿಹಾರದ ಅಕ್ಕಿ, ಕಂಬಳಿ ಬಂದವು. ಯಾರಿಗೆ? ರಕ್ಷಿಸಲ್ಪಟ್ಟವರ ಪಟ್ಟಿಯಲ್ಲಿ ಹೆಸರಿದ್ದವರಿಗೆ. ಪಟ್ಟಿಯಲ್ಲಿ ಯಾರಿರಬೇಕು? ಅನುದಾನದ ದೋಣಿಯಲ್ಲಿ ಕೂತವರು. ತೆಪ್ಪ ಅಂತ ಬರೆದೆ, ಮಾನ್ಯತೆ ಇಲ್ಲದ ಸಾಧನ ಅಂತ ಆಪು ತಿರಸ್ಕರಿಸಿತು. ಬದುಕುಳಿದವರು ಸೊನ್ನೆ ಅಂತ ತಾನೇ ತುಂಬಿಕೊಂಡಿತು. ಮನೆಯಲ್ಲಿ ಒಂದು ಕಾಳೂ ಉಳಿಯದ ಜನಕ್ಕೆ ಇದನ್ನು ಯಾವ ಬಾಯಲ್ಲಿ ಹೇಳುವುದು?

ಮೊದಲು ಬಂದವಳು ಅದೇ ಮುದುಕಮ್ಮ, ಕೋಳಿ ಸಮೇತ. ಅಮ್ಮಾ, ನೀವು ಉಳಿದಿದ್ದೀರಿ ಅಂತ ಲೆಕ್ಕಕ್ಕೆ ಬಂದಿಲ್ಲ, ಅಕ್ಕಿ ಕೊಡೋಕೆ ಬರೋದಿಲ್ಲ ಅಂತ ತಲೆ ತಗ್ಗಿಸಿ ಹೇಳಿದೆ. ಅವಳು ಬೈಯಲಿಲ್ಲ, ಕೋಳಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

“ಅಂಗಾರೆ ನಾನಿನ್ನೂ ನೀರ್ನಲ್ಲೇ ಇವ್ನಿ ಅಂತಾಯ್ತು. ದೋಣಿ ಎಲ್ಲದೆ ಸಾ? ಅತ್ತಿ ಕುಂತ್ಕತೀನಿ.”

ದೋಣಿ ಪಂಚಾಯಿತಿ ಅಂಗಳದಲ್ಲೇ ಇತ್ತು, ಬಿಸಿಲಲ್ಲಿ ಒಣಗಲಿ ಅಂತ ಹಾಕಿದ್ದೆವು. ಮುದುಕಮ್ಮ ಸೀರೆ ಎತ್ತಿಕಟ್ಟಿ ಹತ್ತಿ ಕೂತಳು. ಅವಳ ಹಿಂದೆ ಇಡೀ ಕೆಳಗಿನ ಬೀದಿ ಸಾಲಾಗಿ ನಿಂತಿತು. ಒಬ್ಬೊಬ್ಬರಿಗೂ ಲೈಫ್ ಜಾಕೆಟ್ಟು ತೊಡಿಸಿ, ಕೂರಿಸಿ, ಫೋಟೋ ಹೊಡೆದು, ಇಳಿಸಿದೆ. ಸಂಜೆಯೊಳಗೆ ಅಷ್ಟೂ ಜನರನ್ನು ಆ ಒಣ ನೆಲದ ಮೇಲೆ ಕಾಪಾಡಿದೆ. ಆಪು ಒಂದೇ ಸಲಕ್ಕೆ ಒಪ್ಪಿಕೊಂಡಿತು.