ಅತ್ತೆ ಕರೆದ ಹಾಜರಿ

ನಮ್ಮ ಸೋದರತ್ತೆ ಬೈಯದೆ ಹೋಗಿದ್ದರೆ ನಮ್ಮ ಶಾಲೆಯ ಬದನೆ ಗಿಡಗಳು ಹೂವೇ ಬಿಡುತ್ತಿರಲಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ನಗಿ! ನಾನೂ ಮೊದಲು ನಕ್ಕವನೇ. ಆಮೇಲೆ ಬೈಗುಳ ನನ್ನ ಕಡೆ ತಿರುಗಿತು, ನಗು ನಿಂತಿತು.

ನಮ್ಮೂರು ತುರ್ವಿಹಾಳದ ಪಕ್ಕದ್ದು. ಅತ್ತೆ ಅಲ್ಲೇ ಹುಟ್ಟಿ ಅಲ್ಲಿಗೇ ಸೊಸೆಯಾದವಳು. ನಾನು ಅಲ್ಲಿಯ ಶಾಲೆಯ ಮಾಸ್ತರ. ಶಾಲೆಯ ಹಿಂದಿನ ಜಾಗದಲ್ಲಿ ಜಾಲಿ ಬೆಳೆದು ಬಿದ್ದಿತ್ತು. ಐದಾರು ವರ್ಷದ ಹಿಂದೆ, ಬಿಸಿಯೂಟಕ್ಕೆ ಅಲ್ಲಿ ತರಕಾರಿ ಬೆಳೆಯೋಣ, ಎಲ್ಲರೂ ಬಂದು ಕೈ ಹಚ್ಚಿ ಎಂದು ಊರಲ್ಲಿ ಡಂಗುರ ಸಾರಿಸಿದೆವು. ದೊಡ್ಡ ಮಾಸ್ತರರು ಮೊದಲೇ ಹೇಳಿಬಿಟ್ಟರು: "ಬೆಳಿ ಬಂದ್ರ ಬಂತು. ಇಲ್ಲಾಂದ್ರ ಫರಸಿ ಕಲ್ಲು ಹಾಕ್ಸಿಬಿಡ್ತೀನಿ ನೋಡ್ರಿ."

ಅತ್ತೆ ಭತ್ತ ಹಚ್ಚುವ ಹೆಂಗಸರ ಗುಂಪಿನ ಮುಂದಾಳು. ಮರುದಿನ ನಾನು ಶಾಲೆ ಮುಟ್ಟುವಷ್ಟರಲ್ಲಿ ಕೆಲಸವೇ ಮುಗಿದಿತ್ತು! ಹೇಗೆ ಅಂತೀರಿ? ಜಾಲಿ ಕಿತ್ತು, ಯಾರದೋ ಟ್ರ್ಯಾಕ್ಟರ್ ತಂದು ಕೆಸರು ಹೊಡೆದು, ಸುತ್ತ ಒಡ್ಡು ಕಟ್ಟಿ, ಪಾದ ಮುಳುಗುವಷ್ಟು ನೀರು ನಿಲ್ಲಿಸಿ, ಬದನೆ ಸಸಿಗಳನ್ನು ಬಗ್ಗಿ ಬಗ್ಗಿ, ಹಿಂದೆ ಹಿಂದೆ ಸರಿಯುತ್ತ, ಹಾಡು ಹೇಳುತ್ತ ಗದ್ದೆಗೆ ಹಚ್ಚಿದಂತೆ ಹಚ್ಚಿಬಿಟ್ಟಿದ್ದರು!

"ಅತ್ತಿ, ಇದೇನಿದು?"

"ನೀರ ನಿಲ್ಲಸ್ದ ಯಾವ ಬೆಳಿ ಬರ್ತೈತಲೇ? ಪುಸ್ತಕ ಓದಿ ಓದಿ ನಿನ್ನ ತಲಿ ಕೆಟ್ಟೈತಿ."

ಎಂಟು ದಿನಕ್ಕೆ ಬದನೆಯೆಲ್ಲ ಕೊಳೆತು ನಾರಿತು. ಕಪ್ಪೆಗಳ ಬೆಳೆ ಮಾತ್ರ ಭರ್ಜರಿ. ದೊಡ್ಡ ಮಾಸ್ತರರು ಮೂಗು ಮುಚ್ಚಿಕೊಂಡು ಫರಸಿಗೆ ಅಳತೆ ಮಾಡಲು ಟೇಪು ಹಿಡಿದು ಬಂದರು. ಅತ್ತೆ ಹೋಗಿ ಆ ಟೇಪಿನ ಮೇಲೇ ನಿಂತಳು.

"ಇನ್ನೊಂದ್ಸಲ ಹಚ್ತೀನ್ರಿ ಸರ. ನಿಮ್ಮ ಕಾಲಿಗೆ ಬೀಳ್ತೀನಿ, ಕಲ್ಲು ಮಾತ್ರ ಹಾಕಬ್ಯಾಡ್ರಿ."

ಊರ ಗೌಡನಿಗೂ ಸೊಪ್ಪು ಹಾಕದವಳು! ನಾಲ್ಕು ಬದನೆಕಾಯಿಗೆ ಇಷ್ಟು ದೈನ್ಯವೇ? ಗಾಬರಿಯಾದ ದೊಡ್ಡ ಮಾಸ್ತರರು ದೀಪಾವಳಿವರೆಗೆ ಗಡುವು ಕೊಟ್ಟರು.

ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಿಂದ ಸಂತೆಗೆ ತರಕಾರಿ ತರುವ ಒಬ್ಬ ಮುದುಕನಿದ್ದ. ಅತ್ತೆ ಅವನನ್ನು ಸಂತೆಯಿಂದ ನೇರ ಶಾಲೆಗೇ ಎಳೆದುಕೊಂಡು ಬಂದಳು. ಅವನು ನಮ್ಮ ಕೆರೆಯನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಾ, ಬದನಿಕಾಯಿಗೆ ಕಾಲು ತೊಯ್ಸಬಾರದು. ಮಣ್ಣು ಏರಿಸಿ ಮ್ಯಾಲೆ ಕುಂದ್ರಸು, ನೀರು ಕೆಳಗ ಹೋಗ್ಲಿ."

"ಇಷ್ಟ ದಿನಾ ಎಲ್ಲಿ ಸತ್ತಿದ್ಯೋ ಅಣ್ಣಾ?" ಎಂದಳು ಅತ್ತೆ. ಅದು ಅವಳ ಧನ್ಯವಾದ!

ನೀರು ಬಸಿದು ನೆಲ ಆರಿತು. ಗೊಬ್ಬರ ಒಬ್ಬರ ಮನೆಯದು, ಸಸಿ ಇನ್ನೊಬ್ಬರದು. ಹೆಂಗಸರು ಮತ್ತೆ ಬಂದು ಮಣ್ಣಿನ ಏರಿ ಕಟ್ಟಿದರು. ಆದರೆ ಒಣ ನೆಲದಲ್ಲೂ ಹಿಂದೆ ಹಿಂದೆ ಸರಿದೇ ಹಚ್ಚಿದರು. ರೂಢಿ ಬಿಟ್ಟೀತೇ? ಒಬ್ಬಾಕೆಯಂತೂ ಹಾಗೇ ಸರಿಯುತ್ತ ಹೋಗಿ ಕಾಂಪೌಂಡು ಗೋಡೆಗೆ ಬಡಿದು ಗೋಡೆಗೇ ಬೈದಳು.

ಆಮೇಲೆ ಶುರುವಾಯಿತು ನೋಡಿ ಅತ್ತೆಯ ಹುಚ್ಚು. ದಿನಾ ಪ್ರಾರ್ಥನೆ ಮುಗಿದದ್ದೇ ತಡ, ಮೊದಲ ಸಾಲಿನ ಹತ್ತು ಬದನೆ ಗಿಡಗಳ ಹಾಜರಿ!

"ಯಂಕವ್ವಾ!"

"ಹಾಜರ್!" ಗಿಡದ ಪರವಾಗಿ ಮಕ್ಕಳ ಕೂಗು.

"ಖಾಜಾಬೀ, ಯಾಕಬೇ ಬಾಗೀದಿ? ನೆಟ್ಟಗ ನಿಂದ್ರು! ದ್ಯಾವವ್ವಾ, ಹೂ ಬಿಡ್ತಿಯೋ, ಕಿತ್ತು ಒಗೀಲೋ?"

ದ್ಯಾವವ್ವ ಹೆದರಿ ನಾಲ್ಕೇ ದಿನಕ್ಕೆ ಹೂ ಬಿಟ್ಟಳು. ದೊಡ್ಡ ಮಾಸ್ತರರು ನನ್ನ ಹತ್ತಿರ ಗೋಳಿಟ್ಟರು: "ನಿಮ್ಮತ್ತಿ ಹಾಜರಿ ಮುಗಿಯಾಮಟ ನನ್ನ ಹಾಜರಿಗೆ ಒಂದ ಹುಡುಗೂ ಒಳಗ ಬರಾಂಗಿಲ್ರೀ!" ಅತ್ತೆ ಊರಲ್ಲಿ ಯಾರ್ಯಾರ ಜೊತೆ ಜಗಳವಾಡಿದ್ದಾಳೋ ಅವರ ಹೆಸರನ್ನೆಲ್ಲ ಗಿಡಗಳಿಗಿಟ್ಟು ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದೇ ನನ್ನ ಲೆಕ್ಕ.

ದೀಪಾವಳಿಗೆ ಮೊದಲೇ ಬಿಸಿಯೂಟಕ್ಕೆ ಎಣ್ಣೆಗಾಯಿ ಆಯಿತು. ದೊಡ್ಡ ಮಾಸ್ತರರು ಎರಡು ಸಲ ಹಾಕಿಸಿಕೊಂಡರು. ಫರಸಿಯ ಸುದ್ದಿ ಮತ್ತೆ ಎತ್ತಲಿಲ್ಲ.

ಅವತ್ತು ಅತ್ತೆ ತೋಟದಲ್ಲಿ ಕಳೆ ಕೀಳುತ್ತಿದ್ದಾಗ ಕೆಣಕಿದೆ: "ಅತ್ತಿ, ಇವ್ರೆಲ್ಲಾ ನಿನ್ನ ಜೋಡಿ ಜಗಳಾಡಿದವ್ರೇನು?"

ಅವಳು ನಗಲಿಲ್ಲ.

"ನನ್ನ ಜೋಡಿ ಮೂರನೇ ಇಯತ್ತೆ ಓದ್ತಿದ್ದವ್ರು. ಇದ ಸಾಲ್ಯಾಗ. ಆ ವರ್ಷ ಕಾಲುವಿಗೆ ನೀರ ಬಿಟ್ರು, ಹನ್ನೊಂದ ಹುಡುಗ್ಯಾರ್ನೂ ಸಾಲಿ ಬಿಡ್ಸಿ ಗದ್ದಿಗೆ ಇಳಿಸಿದ್ರು. ಸಣ್ಣ ಕೈ, ಲಗೂ ಹಚ್ತಾವ ಅಂತ. ಗದ್ದಿ ಇಲ್ಲೇ, ಗ್ವಾಡಿ ಆಚಿ. ಮಾಸ್ತರ ಹಾಜರಿ ಕರಿಯೋದು ಕೇಳ್ತಿತ್ತು. ಯಂಕವ್ವಾ, ಖಾಜಾಬೀ... ಕೆಸರಾಗ ನಿಂತು ಒಬ್ಬರ ಮಾರಿ ಒಬ್ರು ನೋಡ್ತಿದ್ವಿ. ಹಾಜರ್ ಅಂತ ಬಾಯಿಗೆ ಬರ್ತಿತ್ತು, ಅನ್ಲಿಲ್ಲ. ನಾಕ ದಿನ ಕರದ್ರು. ಐದನೇ ದಿನ ಕರೀಲಿಲ್ಲ."

ಮಾಸ್ತರನ ಬುದ್ಧಿ, ಸಾಲಿನ ಗಿಡ ಎಣಿಸಿದೆ. "ಹನ್ನೊಂದು ಅಂದಿ. ಇಲ್ಲಿ ಹತ್ತೇ ಅದಾವು. ನಿಂದೆಲ್ಲಿ ಅತ್ತಿ?"

"ನಂದ್ಯಾಕಲೇ? ನಾ ಬಂದೀನಲ್ಲ," ಎಂದಳು. "ದಿನಾ ಬಂದೀನಿ."

ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಆ ಸಾಲಿನಲ್ಲಿ ಈಗ ಹನ್ನೊಂದು ಗಿಡ. ಪ್ರಾರ್ಥನೆ ಮುಗಿದ ಮೇಲೆ ಹಾಜರಿ ನಾನೇ ಕರೆಯುತ್ತೇನೆ, ಮಕ್ಕಳು ಕೂಗುತ್ತಾರೆ. ಹತ್ತು ಗಿಡಗಳಿಗೆ ಬೈಯುವುದನ್ನೂ ಕಲಿತಿದ್ದೇನೆ. ಹನ್ನೊಂದನೆಯದಕ್ಕೆ ಬೈಯುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.