ಗೋಲು ತಪ್ಪಿದ ಗೋಳು

ಮಾತಾಡುವ ಗಂಡನ ಜೊತೆ ಬಾಳುವುದು ಕಷ್ಟ ಎನ್ನುವವರನ್ನು ದಯವಿಟ್ಟು ನನ್ನ ಬಳಿ ಕಳಿಸಿ. ನಮ್ಮ ಮನೆಯವರದು ಕ್ಷೌರದಂಗಡಿ. ಕತ್ತರಿಗಿಂತ ನಾಲಿಗೆಯೇ ಹರಿತ. ಗಿರಾಕಿಯ ಕುತ್ತಿಗೆಗೆ ಬಟ್ಟೆ ಕಟ್ಟಿದ ಕ್ಷಣದಿಂದ ಬಿಚ್ಚುವವರೆಗೆ ಲೋಕದ ಸಮಸ್ತ ಸಮಾಚಾರವನ್ನೂ ಒದರುವ ಮನುಷ್ಯ. ಅಂಥವರು ಫುಟ್‌ಬಾಲ್ ಫೈನಲ್ ಪಂದ್ಯದ ಮರುದಿನದಿಂದ ಮೂಕರಾದರು.

ಆದದ್ದಿಷ್ಟೇ. ನಮ್ಮ ತಂಡದ ಕೊನೆಯ ಒದೆತದಲ್ಲಿ ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಗೋಲು ಹೋಯಿತು, ಗೋಳು ಉಳಿಯಿತು. ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡಿರುವ ನನಗೆ ಆ ಆಟದ ಗಂಧಗಾಳಿಯಿಲ್ಲ. ಹೋದರೆ ಹೋಯಿತು, ಇನ್ನೊಂದು ಒದೆಯಲಿ ಎಂದುಕೊಂಡು ಮಲಗಿದ್ದೆ.

ಬೆಳಿಗ್ಗೆ ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತೆ. ಬೀದಿಯಲ್ಲಿ ಜನರಿದ್ದರು, ಸದ್ದಿರಲಿಲ್ಲ. ಹಾಲಿನವನು ಗಂಟೆ ಬಾರಿಸದೆ ಸೈಕಲ್ ತಳ್ಳಿಕೊಂಡು ಹೋದ. ಬಸ್ಸು ಹಾರ್ನ್ ಇಲ್ಲದೆ ತೇಲಿದಂತೆ ಬಂತು. ಒಳಗಿದ್ದವರೆಲ್ಲ ಒಂದೇ ಕಡೆ ನೋಡುತ್ತಿದ್ದರು, ಆ ಕಡೆ ಏನೂ ಇರಲಿಲ್ಲ. ನಾಯಿಯೊಂದು ಬೊಗಳಲು ಬಾಯಿ ತೆರೆದು, ಅತ್ತಿತ್ತ ನೋಡಿ, ಮುಚ್ಚಿಕೊಂಡಿತು. ಬುತ್ತಿ ಕೊಡಲು ಅಂಗಡಿಗೆ ಹೋದರೆ ಅಲ್ಲಿ ಕತ್ತರಿಯ ಕಚಕ್ ಕಚಕ್ ಒಂದೇ. ಗಿರಾಕಿಯೊಬ್ಬರು ಅರ್ಧ ಮೀಸೆ ಕಳೆದುಕೊಂಡು, ಕನ್ನಡಿ ನೋಡಿ, ತಲೆಯಾಡಿಸಿ ಎದ್ದು ಹೋದರು. (ಉಳಿದರ್ಧ ತೆಗೆಸಲು ಮರುದಿನವೂ ಬರಲಿಲ್ಲ.)

ಸಂಜೆಯಾದರೆ ನಮ್ಮವರು ಆರಿಸಿಟ್ಟ ಟಿ.ವಿ. ಮುಂದೆ ಕೂರತೊಡಗಿದರು. ಕಪ್ಪು ಪರದೆಯೊಳಗೂ ಒಬ್ಬರು ಕೂತಿರುತ್ತಿದ್ದರು. ಇವರು ಕಣ್ಣು ಮಿಟುಕಿಸಿದ ಮೇಲೆ, ಒಂದಿಷ್ಟು ತಡವಾಗಿ ಅವರು ಮಿಟುಕಿಸಿದಂತೆ ಕಂಡು, ನಾನು ಅಂಗಿಯ ತೋಳನ್ನು ಕುತ್ತಿಗೆಗೇ ಹೊಲಿದುಬಿಟ್ಟೆ. ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಮಗನಿಗೆ ಏನೋ ಮೆಟ್ಟಿಕೊಂಡಿದೆ ಎಂದು ಪಿಸುಗುಟ್ಟಿದರು. ಚಿಕ್ಕಂದಿನಲ್ಲಿ ನಿದ್ದೆಯಲ್ಲೂ ಮಾತಾಡುತ್ತಿದ್ದ ಮಗು ಅಂತೆ ಅದು.

ಆಗ ಹೊಳೆಯಿತು ನನಗೆ ಆ ಸುಡುಗಾಡು ಉಪಾಯ. ದುಃಖ ಹಂಚಿಕೊಂಡರೆ ಹಗುರವಾಗುತ್ತದಲ್ಲವೇ? ನಮ್ಮ ಮನೆಯಲ್ಲಿ ಪಂದ್ಯ ನೋಡಿದ್ದವರನ್ನೇ ಭಾನುವಾರ ಮಧ್ಯಾಹ್ನ ಕರೆದು ಸಾಮೂಹಿಕ ಶೋಕವಿಸರ್ಜನಾ ಸಭೆ ಏರ್ಪಡಿಸಿದೆ. ಬಸ್ ಡ್ರೈವರ್, ಔಷಧಿ ಅಂಗಡಿಯವರು, ಮಹಡಿ ಮನೆಯ ಲೆಕ್ಕದ ಮೇಷ್ಟ್ರು ಬಂದು ನಮ್ಮವರ ಪಕ್ಕ ಸಾಲಾಗಿ ಕೂತರು. ಚಹಾದ ಮೇಲೆ ಕೆನೆ ಕಟ್ಟಿತು, ಯಾರೂ ಮುಟ್ಟಲಿಲ್ಲ. ಮನಸ್ಸಿನಲ್ಲಿರುವುದನ್ನು ಹೊರಗೆ ಹಾಕಿ ಎಂದು ಅಪ್ಪಣೆ ಕೊಟ್ಟೆ.

ಡ್ರೈವರ್ ಮೊದಲು ಬಾಯಿಬಿಟ್ಟ. ಯಾವಾಗಲೂ ಕಿಟಕಿ ಪಕ್ಕ ಕೂರುವವನು ಅವತ್ತು ಫ್ಯಾನಿನ ಕೆಳಗೆ ಕೂತಿದ್ದನಂತೆ, ಸೋಲು ಅದರಿಂದಲೇ ಅಂತೆ. ಔಷಧಿ ಅಂಗಡಿಯವರು ಗೆಲುವಿನ ಅಂಗಿಯನ್ನು ಒಗೆಯಲು ಹಾಕಿದ್ದರಂತೆ. ಮಕ್ಕಳಿಗೆ ಸಂಭವನೀಯತೆ ಪಾಠ ಮಾಡುವ ಮೇಷ್ಟ್ರು, ಕೊನೆಯ ಗಳಿಗೆಯಲ್ಲಿ ಕಾಲಮೇಲೆ ಹಾಕಿದ್ದ ಕಾಲನ್ನು ತಾನೇ ಇಳಿಸಿದೆ ಎಂದು ಬಿಕ್ಕಿದರು. ನಾನು ನಗು ತಡೆಯಲು ಸೆರಗು ಕಚ್ಚಿಕೊಂಡೆ.

ಆಗ ಬಾವಿಯೊಳಗಿಂದ ಬಂದಂತೆ ನಮ್ಮವರ ಧ್ವನಿ ಬಂತು. "ಅವನು ಕಾಲು ಎತ್ತಿದ್ದ. ಇನ್ನೇನು ಒದೀಬೇಕು. ಆಗ ಇವಳು ಒಳಗೆ ಬಂದಳು."

ಎಲ್ಲ ತಲೆಗಳೂ ಒಟ್ಟಿಗೆ ನನ್ನ ಕಡೆ ತಿರುಗಿದವು. ನಿಧಾನವಾಗಿ, ಕೀಲೆಣ್ಣೆ ಒಣಗಿದ ಗೊಂಬೆಗಳ ಹಾಗೆ.

"ಬಟ್ಟೆ ಮಡಚೋಕೆ ಬಂದಿದ್ದೆ," ಎಂದೆ. "ನಾನು ಬಂದಿದ್ದು ಆ ಕಂಬಕ್ಕೆ ಹೇಗ್ರೀ ಗೊತ್ತಾಗುತ್ತೆ?"

"ಅದೇ ಅಕ್ಕ," ಎಂದ ಡ್ರೈವರ್, "ಹೇಗೆ ಗೊತ್ತಾಯ್ತು ಅಂತಾನೇ ನಾವೂ ಯೋಚನೆ ಮಾಡ್ತಿರೋದು."

ಅಷ್ಟೇ, ಎಲ್ಲರ ಮುಖಕ್ಕೂ ರಕ್ತ ಬಂತು. ಆರಿದ ಚಹಾ ಕುಡಿದರು, ಇನ್ನಷ್ಟು ಕೇಳಿದರು. ನಮ್ಮವರ ಬಾಯಿಗೆ ಬಿದ್ದಿದ್ದ ಬೀಗ ಕಳಚಿ, ಆ ವಾರ ಕೂದಲು ಕತ್ತರಿಸಿಕೊಂಡವರೆಲ್ಲ ನನ್ನ ಪುರಾಣ ಕೇಳಿಕೊಂಡೇ ಎದ್ದರು. ಅಲ್ಲಿಂದ ಮುಂದೆ ನಾನು ತರಕಾರಿ ಅಂಗಡಿಗೆ ಕಾಲಿಟ್ಟರೆ ರೇಡಿಯೋ ತಟ್ಟನೆ ನಿಲ್ಲುತ್ತಿತ್ತು. ನಾನು ದಾಟಿದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಮುಂದಿನ ದೊಡ್ಡ ಪಂದ್ಯದ ಮಧ್ಯಾಹ್ನ ಅತ್ತೆಯೇ ಕೈಗೆ ಚೀಲ ಕೊಟ್ಟರು. "ಸ್ವಲ್ಪ ತಿರುಗಾಡ್ಕೊಂಡು ಬಾಮ್ಮ. ನಿಧಾನವಾಗಿ ಬಾ." ಹೊರಟೆ. ಆದರೆ ಆಟದ ನಡುವೆಯೇ ವಾಪಸ್ ಬಂದು, ಎಲ್ಲರ ಮುಂದೆ ಓಡಾಡಿ, ಈ ಮೂಢನಂಬಿಕೆಯ ಸೊಂಟ ಮುರಿಯಬೇಕೆಂದು ಪಣ ತೊಟ್ಟೇ ಹೊರಟೆ.

ತಿರುಗಿ ಬಂದಾಗ ಬೀದಿಯಲ್ಲಿ ನರಪಿಳ್ಳೆಯಿಲ್ಲ. ಉರಿಬಿಸಿಲು, ಮುಚ್ಚಿದ ಬಾಗಿಲುಗಳು, ಎಲ್ಲ ಕಿಟಕಿಗಳಿಂದಲೂ ವೀಕ್ಷಕ ವಿವರಣೆಯ ಒಂದೇ ಧ್ವನಿ. ಒಂದು ಹೆಜ್ಜೆ ಇಟ್ಟೆ. ಮನೆಗಳೆಲ್ಲ ಒಟ್ಟಿಗೆ ನರಳಿದವು. ಇನ್ನೊಂದು ಹೆಜ್ಜೆ. ನೆಲದೊಳಗಿಂದ ಬಂದಂತೆ ಇನ್ನೂ ಆಳವಾದ ನರಳಾಟ. ಪರೀಕ್ಷಿಸೋಣವೆಂದು ಹಿಂದಕ್ಕೆ ಸರಿದೆ. ಕೇಕೆ, ಚಪ್ಪಾಳೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದುಕೊಂಡೆ. ಆದರೆ ಆ ಬೀದಿಯಲ್ಲಿದ್ದ ಒಂದೇ ಕಾಗೆ ನಾನು.

ಧೈರ್ಯ ಮಾಡಿ ಎಡಗಾಲು ಎತ್ತಿದೆ. ಥಟ್ಟನೆ ಎಲ್ಲ ನಿಶ್ಶಬ್ದ. ವಿವರಣೆ ಹೇಳುವವನೂ ಸುಮ್ಮನಾದ. ಊರಿಗೆ ಊರೇ ಉಸಿರು ಹಿಡಿದಿತ್ತು, ನನ್ನ ಪಾದಕ್ಕಾಗಿ ಕಾಯುತ್ತಿತ್ತು. ಇಡಲಾಗಲಿಲ್ಲ. ಮೀನಖಂಡ ನಡುಗಿತು, ಮೂಗಿನ ಮೇಲೆ ನೊಣ ಕೂತಿತು, ಲೈಟ್ ಕಂಬವನ್ನು ತಬ್ಬಿಕೊಂಡೆ. ಕಾಲು ಮಾತ್ರ ಇಳಿಸಲಿಲ್ಲ.

ಆಕಾಶ ಬಿರಿಯುವಂಥ ಕೂಗೆದ್ದಿತು. ಬಾಗಿಲುಗಳು ತೆರೆದುಕೊಂಡು ಬೀದಿ ತುಂಬ ಜನ ಕುಣಿದರು. ನಮ್ಮವರು ಒಂಟಿಕಾಲಿನ ನನ್ನನ್ನು ನೋಡಿದರು. ನಗಲಿಲ್ಲ.

"ಯಾವಾಗಿಂದ ಹೀಗೆ ನಿಂತಿದ್ದೀಯ?"

"ಅವನು ಒದೆಯೋಕೆ ಚೆಂಡು ಇಟ್ಟಾಗಿಂದ."

ಬೀದಿಯಲ್ಲಿದ್ದ ನನಗೆ ಅದು ಹೇಗೆ ಗೊತ್ತಾಯಿತೆಂದು ಅವರು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಡ್ರೈವರ್ ಇಟ್ಟಿಗೆ ಚೂರಿನಿಂದ ನನ್ನ ಬಲಗಾಲಿನ ಸುತ್ತ ಭಕ್ತಿಯಿಂದ ಒಂದು ಗೆರೆ ಎಳೆದ.

ಮೊನ್ನೆ ಯಾರೋ ಪುಣ್ಯಾತ್ಮ ಆ ಗೆರೆಯ ಮೇಲೆ ಸ್ಕೂಟರ್ ನಿಲ್ಲಿಸಿದ್ದ. ಜಗಳವಾಡಿ ತೆಗೆಸಿದೆ. ಪಂದ್ಯಕ್ಕೆ ಇನ್ನೂ ವಾರ ಇದೆಯಲ್ಲಮ್ಮ ಎಂದು ಗೊಣಗಿದ.

"ಅಭ್ಯಾಸ ಬೇಡ್ವೇನಪ್ಪ?" ಎಂದು ಕಾಲೆತ್ತಿದೆ.